ಹನ್ನೆರಡು ಅಡಿ ಪೂರ್ವಕ್ಕೆ

೬ ಜನವರಿ ೨೦೨೫, ಸೋಮವಾರ

ಅರಸೀಕೆರೆ. ಸ್ಟೇಷನ್ ಹಿಂದಿನ ಬೀದಿಯಲ್ಲಿ ಮಹಡಿ ಮೇಲಿನ ಕೋಣೆ. ನಿಖರ ಜಿಯೋ ಸರ್ವೀಸಸ್‌ನಲ್ಲಿ ಭೂಮಾಪಕನಾಗಿ ಏಳು ತಿಂಗಳು ಹನ್ನೊಂದು ದಿನ. ಮಾದಿಹಳ್ಳಿ ಪಕ್ಕದ ಹೊಂಗೆಪುರದ ಮರುಅಳತೆ ಮುಗಿದು ಇಂದು ಸಂಜೆ ೫.೧೦ಕ್ಕೆ ಕಡತ ಕಟ್ಟಿದೆ. ೪೧೨ ಹಿಡುವಳಿಗಳು.

ಮಾಲೀಕರಾದ ಇಂದ್ರೇಶ್ ಅವರು ಐದನೆಯ ಸಲ ಕೇಳಿದರು: “ಲಕ್ಷ್ಮೀಶ್, ಉಪಗ್ರಹ ಅಷ್ಟೊಂದಿರುವಾಗ ಒಂದು ಮಿಷನ್ ಸಾಲಲ್ವೇನ್ರೀ? ಎರಡ್ಯಾಕೆ?” ಐದನೆಯ ಸಲ ಹೇಳಿದೆ. ಒಂದೇ ಉಪಕರಣವಿದ್ದರೆ ಉಪಗ್ರಹದ ಸಂಕೇತ ಗಾಳಿಯಲ್ಲಿ ಹಾದು ಬರುವಾಗ ಮೂರು ನಾಲ್ಕು ಮೀಟರ್ ತಪ್ಪುತ್ತದೆ. ಆದ್ದರಿಂದ ಒಂದನ್ನು, ಬೇಸ್ ಅನ್ನುವುದನ್ನು, ಸ್ಥಾನ ಮೊದಲೇ ಗೊತ್ತಿರುವ ಕಲ್ಲಿನ ಮೇಲೆ ಇಡುತ್ತೇವೆ. ತಾನು ಎಲ್ಲಿದ್ದೇನೆಂದು ಅದಕ್ಕೆ ಗೊತ್ತು, ಹಾಗಾಗಿ ಉಪಗ್ರಹ ಎಷ್ಟು ತಪ್ಪು ಹೇಳುತ್ತಿದೆ ಎಂದೂ ಗೊತ್ತಾಗುತ್ತದೆ. ಆ ತಪ್ಪನ್ನು ಅದು ಎರಡನೆಯ ಉಪಕರಣಕ್ಕೆ, ಅಂದರೆ ನಾನು ಹೊಲಹೊಲ ಹೊತ್ತು ತಿರುಗುವ ರೋವರ್‌ಗೆ ತಿಳಿಸುತ್ತದೆ. ಇಂದ್ರೇಶ್ ಅವರು ತಲೆಯಾಡಿಸಿದರು. ಆರನೆಯ ಸಲ ಕೇಳುತ್ತಾರೆ.

ಕಡತದಲ್ಲಿ ಒಂದು ಕಾಲಮ್ಮು ಖಾಲಿ ಉಳಿದಿತ್ತು: “ಎರಡನೆಯ ಗುರುತಿನಲ್ಲಿ ತಪಾಸಣೆ”. ಸ್ಥಾನ ಗೊತ್ತಿರುವ ಇನ್ನೊಂದು ಗುರುತಿಗೂ ರೋವರ್ ಒಯ್ದು ಅಳತೆ ತಾಳೆಯಾಗುತ್ತದೆಯೇ ಎಂದು ನೋಡಬೇಕು. ಆ ಗುರುತು ಬೆಟ್ಟದ ತುದಿಯಲ್ಲಿದೆ, ನಾಲ್ಕು ಕಿಲೋಮೀಟರ್, ದಾರಿ ತುಂಬ ಲಂಟಾನದ ಮುಳ್ಳುಪೊದೆ. ಮೊದಲನೆಯ ಕಲ್ಲು ಸರಿಯಿರುವಾಗ ಎರಡನೆಯದಕ್ಕೆ ಹೋಗುವುದು ಪೊಲೀಸರ ಬಳಿ ಹೋಗಿ ನಾನು ಕಳ್ಳನಲ್ಲ ಎಂದು ಹೇಳಿಬಂದಂತೆ. ವ್ಯತ್ಯಾಸ ಎಂಟು ಮಿಲಿಮೀಟರ್ ಎಂದು ತುಂಬಿದೆ. ಸೊನ್ನೆ ಎಂದು ಬರೆದರೆ ಯಾರೂ ನಂಬುವುದಿಲ್ಲ.

ರಾತ್ರಿಗೆ ಅನುವಾದಿತ ಕಾದಂಬರಿ, ಹಿಮ ಬೀಳುವ ದೇಶದ್ದು. ಪುಟ ೪೦ರಲ್ಲಿ ನಾಯಕನಿಗೆ ಎಡಗಾಲು ಕುಂಟು, ೧೧೦ರಲ್ಲಿ ಬಲಗಾಲು. ಅನುವಾದಕ ಹಿಂದಿನ ಪುಟ ತಿರುಗಿಸಿಯೂ ನೋಡಿಲ್ಲ. ಪೆನ್ಸಿಲಿನಲ್ಲಿ ಗುರುತು ಹಾಕಿದೆ. ಇಂಥವರಿಗೆ ಯಾರು ಕೆಲಸ ಕೊಡುತ್ತಾರೋ.

೯ ಜನವರಿ, ಗುರುವಾರ

ಇಂದ್ರೇಶ್ ಅವರಿಗೆ ಹೊಸ ಯೋಚನೆ ಹೊಳೆದಿದೆ. ನಾವು ಬೇಸ್ ಇಟ್ಟ ಹೊಂಗೆಪುರದ ಕಲ್ಲಿಗೆ ಗ್ರಾನೈಟ್ ಫಲಕ ಹಾಕಿಸುತ್ತಾರಂತೆ. ಫೆಬ್ರವರಿ ೯ಕ್ಕೆ ಸಮಾರಂಭ, ಶಾಮಿಯಾನ, ಊಟ. ಕಾರಣ: ಆ ಕಲ್ಲನ್ನು ನೆಟ್ಟದ್ದು ೧೯೮೩ರಲ್ಲಿ, ಜಿಪಿಎಸ್ ಬಳಕೆಗೆ ಬರುವ ಮುಂಚೆ, ಮೊತ್ತಮೊದಲ ಪೀಳಿಗೆಯ ದಾರಿತೋರುವ ಉಪಗ್ರಹಗಳನ್ನು ಆಲಿಸಿ. ಕಲ್ಲು ಎಂದರೆ ಮೊಳಕಾಲೆತ್ತರದ ಸಿಮೆಂಟ್ ಕಂಬ, ನೆತ್ತಿಯಲ್ಲಿ ಹಿತ್ತಾಳೆಯ ಮೊಳೆ. ಮುಂದೆ ಜಿಪಿಎಸ್‌ನಿಂದಲೂ ಅದನ್ನೇ ಮತ್ತೆ ಅಳೆದು ಸರ್ಕಾರದ ಗುರುತುಕಲ್ಲುಗಳ ಪಟ್ಟಿಗೆ ಸೇರಿಸಿದ್ದಾರೆ.

“ನೀವು ಓದೋರು. ಹತ್ತು ನಿಮಿಷದ ಭಾಷಣ ಬರ್ಕೊಡಿ. ಉಪಗ್ರಹ ಬರ್ಬೇಕು, ಹೊಯ್ಸಳರೂ ಬರ್ಬೇಕು.”

“ಎರಡಕ್ಕೂ ಸಂಬಂಧ ಇಲ್ಲವಲ್ಲ ಸರ್.”

“ಹಳೇಬೀಡು ಎಂಟು ಕಿಲೋಮೀಟರ್ ದೂರದಲ್ಲಿದೆ ಕಣ್ರೀ, ಇನ್ನೆಂಥ ಸಂಬಂಧ ಬೇಕು?”

ಕಂಪ್ಯೂಟರ್ ಮುಂದೆ ಕೂತು ನಕ್ಷೆ ಜೋಡಿಸುವ ಶಿಲ್ಪಾ ಬಾಯಿಗೆ ವೇಲ್ ಅಡ್ಡ ಹಿಡಿದುಕೊಂಡಳು.

೧೨ ಜನವರಿ, ಭಾನುವಾರ

ದಿನವಿಡೀ ಭಾಷಣಕ್ಕಾಗಿ ಓದಿದೆ. ವಿಷಯ ಇಂದ್ರೇಶ್ ಅವರಿಗೆ ಯೋಗ್ಯವಾದುದಲ್ಲ, ಅಷ್ಟು ಚೆನ್ನಾಗಿದೆ.

೧೯೫೭ರಲ್ಲಿ ರಷ್ಯಾ ಮೊದಲ ಉಪಗ್ರಹ ಹಾರಿಸಿತು. ಅದಕ್ಕೆ ಬೀಪ್ ಬೀಪ್ ಎನ್ನುವುದರ ಹೊರತು ಬೇರೆ ಕೆಲಸವಿರಲಿಲ್ಲ. ಅಮೆರಿಕದ ಇಬ್ಬರು ತರುಣ ವಿಜ್ಞಾನಿಗಳು ಅದನ್ನು ಆಲಿಸುತ್ತ ಕೂತರು. ಉಪಗ್ರಹ ಹತ್ತಿರ ಬರುವಾಗ ಸ್ವರ ತುಸು ಏರುತ್ತದೆ, ದೂರ ಹೋಗುವಾಗ ಇಳಿಯುತ್ತದೆ. ನಮ್ಮ ಸ್ಟೇಷನ್ನಿನಲ್ಲಿ ನಿಲ್ಲದೆ ಹೋಗುವ ರೈಲಿನ ಸೀಟಿಯ ಹಾಗೆ. ಬರುವಾಗ ಚೀರುತ್ತದೆ, ದಾಟಿದ ಮರುಕ್ಷಣ ಗಂಟಲು ಕಟ್ಟಿದವರಂತೆ ಇಳಿಯುತ್ತದೆ. ಈ ಏರಿಳಿತವೊಂದರಿಂದಲೇ ಅವರು ಉಪಗ್ರಹದ ಇಡೀ ದಾರಿಯನ್ನು ಲೆಕ್ಕ ಹಾಕಿದರು. ಅವರ ಮೇಲಧಿಕಾರಿ ಪ್ರಶ್ನೆಯನ್ನು ತಲೆಕೆಳಗು ಮಾಡಿದ: ನಾವೆಲ್ಲಿದ್ದೇವೆಂದು ಗೊತ್ತಿದ್ದು ಉಪಗ್ರಹ ಎಲ್ಲಿದೆಯೆಂದು ಕಂಡುಹಿಡಿದಿರಿ, ಉಪಗ್ರಹ ಎಲ್ಲಿದೆಯೆಂದು ಗೊತ್ತಿದ್ದರೆ ನಾವೆಲ್ಲಿದ್ದೇವೆಂದು ಕಂಡುಹಿಡಿಯಬಹುದಲ್ಲ?

ಅದರಿಂದ ಹುಟ್ಟಿದ್ದು ಟ್ರಾನ್ಸಿಟ್. ೧೯೫೯ರಲ್ಲಿ ಹಾರಿಸಿದ ಮೊದಲನೆಯದು ಕಕ್ಷೆ ಮುಟ್ಟಲಿಲ್ಲ. ೧೯೬೦ರ ಏಪ್ರಿಲ್‌ನಲ್ಲಿ ಎರಡನೆಯದು ಮುಟ್ಟಿತು. ಮುಖ್ಯ ಗಿರಾಕಿ ಸಮುದ್ರದಡಿಯ ಜಲಾಂತರ್ಗಾಮಿ. ತಾನೆಲ್ಲಿದ್ದೇನೆಂದು ತಿಳಿಯದೆ ಇನ್ನೊಬ್ಬರ ಊರಿಗೆ ಕ್ಷಿಪಣಿ ಬಿಡುವುದು ಕಷ್ಟ. ೧೯೬೭ರಲ್ಲಿ ಸಾರ್ವಜನಿಕರಿಗೂ ತೆರೆದರು. ಹಡಗಿನವರು ಬಳಸಿದರು, ಭೂಮಾಪಕರು ಬಳಸಿದರು. ಈಗಿನಂತೆ ತಲೆಯ ಮೇಲೆ ಸದಾ ಹತ್ತಿಪ್ಪತ್ತು ಉಪಗ್ರಹಗಳಿಲ್ಲ. ಒಂದು ಮೂಡುವ ತನಕ ಕೆಲವೊಮ್ಮೆ ಗಂಟೆಗಟ್ಟಲೆ ಕಾಯಬೇಕು. ಅದು ಕಾಲು ಗಂಟೆಯಲ್ಲಿ ಮುಳುಗುತ್ತದೆ. ಒಂದು ಜಾಗವನ್ನು ಮೀಟರಿನಷ್ಟು ನಿಖರವಾಗಿ ಹಿಡಿಯಲು ದಿನಗಟ್ಟಲೆ ಕೂರಬೇಕು. ೧೯೯೬ರ ಕೊನೆಗೆ ಅದನ್ನು ನಿವೃತ್ತಿ ಮಾಡಿದರು.

ಭಾಷಣಕ್ಕೆ ಈ ವಾಕ್ಯ ಬರೆದೆ: “ನಾವೆಲ್ಲಿದ್ದೇವೆಂದು ಹೇಳುವವನು ತಾನೆಲ್ಲಿದ್ದೇನೆಂಬುದನ್ನು ಮೊದಲು ಸರಿಯಾಗಿ ತಿಳಿದಿರಬೇಕು.” ಚೆನ್ನಾಗಿದೆ.

೧೪ ಜನವರಿ, ಮಂಗಳವಾರ

ಸಂಕ್ರಾಂತಿ. ಕೆಳಗಿನ ಮನೆಯ ಜಾನಕಮ್ಮ ಎಳ್ಳು ಬೆಲ್ಲ ಕೊಟ್ಟು, “ಒಳ್ಳೇ ಮಾತಾಡಿ” ಎಂದರು. ಆಡಲು ಯಾರೂ ಇರಲಿಲ್ಲ.

೨೧ ಜನವರಿ, ಮಂಗಳವಾರ

ಬೆಳಿಗ್ಗೆ ೧೧.೨೦ಕ್ಕೆ ಅರ್ಜಿದಾರೆಯೊಬ್ಬಳು ಕಚೇರಿಗೆ ಬಂದಳು. ಮಾದಮ್ಮ, ಹೊಂಗೆಪುರ, ಸರ್ವೆ ನಂಬರ್ ೬೭. ಅರವತ್ತರ ಆಸುಪಾಸು. ಕೈಯಲ್ಲಿ ಬೇಲೂರು ತಾಲ್ಲೂಕು ಕಚೇರಿಯ ನೋಟಿಸು, ಮಡಿಚಿ ಮಡಿಚಿ ಹರಿಯಲು ಬಂದದ್ದು.

“ಅಳತೆಗೆ ಬಂದಿದ್ದ ಸಾ ಯಾರು?”

ಶಿಲ್ಪಾ ನನ್ನತ್ತ ಕೈ ತೋರಿಸಿದಳು.

“ನಿಮ್ಮ ಮಿಷನ್ನು ನನ್ನ ಹದಿಮೂರು ತೆಂಗಿನ ಮರವ ಕೆರೆಗೆ ಹಾಕೈತಂತಲ್ಲ ಸಾ. ಮರಕ್ಕೇನು ಈಜು ಬತ್ತದಾ?”

ನೋಟಿಸಿನ ಸಾರ: ಕೆರೆಯ ಗಡಿಯನ್ನು ಕಳೆದ ವರ್ಷ ಬೇರೊಂದು ಸಂಸ್ಥೆ ಅಳೆದಿದೆ. ಅದರ ಮೇಲೆ ನಮ್ಮ ನಕ್ಷೆ ಇಟ್ಟು ನೋಡಿದರೆ ಇವಳ ತೋಟದ ಪಶ್ಚಿಮದ ಸಾಲು ಮತ್ತು ಬಾವಿ ಕೆರೆಯೊಳಗೆ ಬೀಳುತ್ತವೆ. ಒತ್ತುವರಿ. ಫೆಬ್ರವರಿ ೧೯ರಂದು ತೆರವು.

“ಇದು ನಾನು ಹೇಳಿದ್ದಲ್ಲಮ್ಮ, ಉಪಗ್ರಹ ಹೇಳಿದ್ದು” ಎಂದೆ.

“ಅದು ನಮ್ಮ ತೋಟಕ್ಕೆ ಯಾವತ್ತು ಬಂದಿತ್ತು? ನಮ್ಮತ್ತೆ ಸಸಿ ನೆಟ್ಟಾಗ ನಾನಿದ್ದೆ, ಅದಿತ್ತಾ?”

ಉತ್ತರ ಕೊಡುವ ಅಗತ್ಯವಿಲ್ಲದ ಪ್ರಶ್ನೆ. ಆಕ್ಷೇಪಣೆ ಅರ್ಜಿಯ ನಮೂನೆ ಕೊಟ್ಟೆ. ಹೆಬ್ಬೆಟ್ಟು ಒತ್ತುತ್ತಾಳೆಂದು ಇಂಕ್ ಪ್ಯಾಡ್ ಮುಂದಿಟ್ಟರೆ, ಪಕ್ಕಕ್ಕೆ ತಳ್ಳಿ ಉದ್ದಕ್ಕೆ ಸಹಿ ಹಾಕಿದಳು.

೨೪ ಜನವರಿ, ಶುಕ್ರವಾರ

ಆಕ್ಷೇಪಣೆ ವಿಲೇವಾರಿಗಾಗಿ ಸ್ಥಳ ಪರಿಶೀಲನೆ. ೬.೫೦ರ ಬಸ್ಸು, ಜಾವಗಲ್ ಮೇಲೆ ಹಳೇಬೀಡು, ಅಲ್ಲಿಂದ ಇನ್ನೊಂದು.

ಅರ್ಜಿದಾರೆ ನನ್ನನ್ನು ಮರಗಳ ಬಳಿ ಒಂದೊಂದಾಗಿ ನಿಲ್ಲಿಸಿದಳು. ಇದು ಸಿಡಿಲು ಹೊಡೆದರೂ ಉಳಿದದ್ದು, ಇದು ವರ್ಷಕ್ಕೆ ನೂರಿಪ್ಪತ್ತು ಕಾಯಿ ಕೊಡುವುದು, ಇದು ಏನೂ ಕೊಡದ ಸೋಮಾರಿ. “ಈ ಸೋಮಾರೀನ ಬೇಕಾದ್ರೆ ಕೆರೆಗೆ ಹಾಕಿ, ಬ್ಯಾಡ ಅನ್ನಲ್ಲ.” ಗಂಡ ತೀರಿಹೋಗಿ ಒಂಬತ್ತು ವರ್ಷ. ಒಟ್ಟು ಇಪ್ಪತ್ತೆಂಟು ಗುಂಟೆ. ಎರಡು ಎಮ್ಮೆ. ಎಮ್ಮೆಗಳಿಗೂ ಮನೆಗೂ ಆ ಬಾವಿಯ ನೀರೇ.

ನನ್ನ ಗಮನ ಬೇರೆಡೆಗೆ ಹೋಯಿತು. ಮರದ ಸಾಲಿಗೂ ಕೆರೆಗೂ ನಡುವೆ ಹಳೆಯ ಕಲ್ಲುಕಟ್ಟಣೆಯ ದಂಡೆ ಇದೆ. ಪಾಚಿ ಕಟ್ಟಿ ಕಪ್ಪಾಗಿದೆ, ನೂರು ವರ್ಷವಾದರೂ ಆಗಿರಬೇಕು. ಮರಗಳು ಅದರ ಈಚೆಗಿವೆ. ನಕ್ಷೆಯಲ್ಲಿ ಆಚೆಗಿವೆ.

ಮಜ್ಜಿಗೆ ಕೊಟ್ಟಳು. ಕರ್ತವ್ಯದ ಮೇಲಿದ್ದಾಗ ತೆಗೆದುಕೊಳ್ಳುವುದಿಲ್ಲ ಎಂದೆ. “ಲಂಚ ಅಲ್ಲ ಸಾ, ಮಜ್ಜಿಗೆ” ಎಂದಳು.

೨೬ ಜನವರಿ, ಭಾನುವಾರ

ಧ್ವಜಾರೋಹಣ ಮುಗಿದ ಮೇಲೆ ಶಿಲ್ಪಾಳನ್ನು ಕೂರಿಸಿಕೊಂಡು ಹೊಂಗೆಪುರದ ನಕ್ಷೆಯನ್ನು ಹಳೆಯ ಗ್ರಾಮನಕ್ಷೆಯ ಮೇಲೆ ಇಟ್ಟು ನೋಡಿದೆ. ಹೊಂದಲಿಲ್ಲ. ಇಡೀ ಊರನ್ನು ಒಂದಿಷ್ಟು ಪೂರ್ವಕ್ಕೆ ಎಳೆದರೆ ಮನೆ, ಬಾವಿ, ಕಲ್ಯಾಣಿ ಎಲ್ಲವೂ ತಮ್ಮ ಜಾಗದಲ್ಲಿ ಕೂರುತ್ತವೆ.

“ಇಡೀ ಊರೇ ಪಶ್ಚಿಮಕ್ಕೆ ನಡ್ಕೊಂಡು ಹೋಗಿದೆ ಸರ್” ಎಂದಳು ಶಿಲ್ಪಾ. “ಊರಲ್ಲಿ ಯಾರಿಗೂ ಗೊತ್ತೇ ಆಗಿಲ್ಲ ಪಾಪ.”

ಎಲ್ಲ ಹೊಲಗಳೂ ಒಟ್ಟಿಗೆ, ಒಂದೇ ದಿಕ್ಕಿಗೆ, ಒಂದೇ ಅಳತೆಗೆ ಸರಿದಿವೆ. ಹಾಗಾದಾಗ ಒಂದು ಹೊಲಕ್ಕೂ ಪಕ್ಕದ ಹೊಲಕ್ಕೂ ಜಗಳವೇ ಬರುವುದಿಲ್ಲ. ಎಲ್ಲರೂ ಸೇರಿ ತಪ್ಪಿದರೆ ಯಾರೂ ತಪ್ಪಿದಂತೆ ಕಾಣುವುದಿಲ್ಲ. ಸರಿದದ್ದು ತಿಳಿಯುವುದು ಊರಿನ ಅಂಚಿನಲ್ಲಿ ಮಾತ್ರ. ಅಂಚಿನಲ್ಲಿ ಇರುವುದು ಸರ್ವೆ ನಂಬರ್ ೬೭.

ಹಳೆಯ ನಕ್ಷೆಯೇ ತಪ್ಪಿರಬೇಕು. ಬ್ರಿಟಿಷರ ಕಾಲದ ಸರಪಳಿ ಅಳತೆ, ಏನು ನಂಬುವುದು.

೨೯ ಜನವರಿ, ಬುಧವಾರ

ಹಳೆಯ ನಕ್ಷೆ ತಪ್ಪಿಲ್ಲ.

ರೋವರ್ ತೆಗೆದುಕೊಂಡು ಹೋಗಿದ್ದೆ. ಬೇಸ್ ಇಲ್ಲದೆಯೂ ಅಳೆಯಬಹುದು. ಮೊಬೈಲ್ ನೆಟ್‌ವರ್ಕಿನ ಮೂಲಕ ಸರ್ಕಾರದ ಶಾಶ್ವತ ಕೇಂದ್ರಗಳಿಂದ ಅದೇ ತಿದ್ದುಪಡಿ ಸಿಗುತ್ತದೆ. ಹೊಂಗೆಪುರದಲ್ಲಿ ನೆಟ್‌ವರ್ಕು ಸಿಗುವುದು ಅಪರೂಪ, ಅದಕ್ಕೇ ಕಲ್ಲನ್ನು ನೆಚ್ಚಿದ್ದು. ಇವತ್ತು ಎರಡೂಮುಕ್ಕಾಲು ಗಂಟೆ ಕಾದು, ನಾಲ್ಕು ನಿಮಿಷ ಸಿಕ್ಕಿತು. ಸಾಕಾಯಿತು. ಕಲ್ಲು ಪಟ್ಟಿಯಲ್ಲಿ ಹೇಳಿದ ಜಾಗದಲ್ಲಿ ಇಲ್ಲ. ಪೂರ್ವಕ್ಕೆ ೩.೬೬ ಮೀಟರ್ ಆಚೆಗಿದೆ.

ಕಲ್ಲು ಪೂರ್ವಕ್ಕೆ ಹೋಗಿದೆ. ನಾನು ಅದು ಹಳೆಯ ಜಾಗದಲ್ಲೇ ಇದೆಯೆಂದು ಉಪಕರಣಕ್ಕೆ ಹೇಳಿದೆ. ಉಪಕರಣ ನನ್ನನ್ನು ನಂಬಿ ಇಡೀ ಊರನ್ನು ಅಷ್ಟೇ ಪಶ್ಚಿಮಕ್ಕೆ ತಳ್ಳಿತು.

ಕಲ್ಲಿನ ಮೈಗೆ ಅರಿಶಿನ, ನೆತ್ತಿಯ ಮೊಳೆಗೆ ಕುಂಕುಮ. ಡಿಸೆಂಬರಿನಲ್ಲಿ ಅಳತೆಗೆ ಬಂದಾಗಲೂ ಇತ್ತು. ನಾನೇ ಒರೆಸಿ ಉಪಕರಣ ಇಟ್ಟಿದ್ದೆ.

೧ ಫೆಬ್ರವರಿ, ಶನಿವಾರ

ಹೊಂಗೆಪುರದ ಕಲ್ಲಿನ ಹತ್ತಿರ ಗಂಗಯ್ಯ ಸಿಕ್ಕಿದ. ೧೯೮೩ರಲ್ಲಿ ಅಳತೆಯ ಶಿಬಿರ ನಡೆದಾಗ ಕೂಲಿಗಿದ್ದವನು. ಈಗ ಅರವತ್ತೆರಡು.

“ಇಬ್ರು ಆಫೀಸರು ಸಾ. ಗುಡಾರ ಹಾಕಿದ್ರು. ಮೂರು ಕಾಲಿನ ಮೇಲೆ ಕೊಡೆ ತರಾ ಒಂದು. ನಂಗೆ ಮೇಕೆ ಬರದಂಗೆ ಕಾಯೋ ಕೆಲ್ಸ. ಗಂಟೆಗಟ್ಲೆ ಇಸ್ಪೀಟಾಡೋರು. ಇದ್ದಕ್ಕಿದ್ದಂಗೆ ‘ಬಂತು, ಬಂತು’ ಅಂತ ಎದ್ದೋಡೋರು. ಪೆಟ್ಟಿಗೆ ಕುಂಯ್ ಅಂತಿತ್ತು, ಬತ್ತಾ ಬತ್ತಾ ಸದ್ದು ಇಳೀತಿತ್ತು. ಆಮೇಲೆ ಮತ್ತೆ ಇಸ್ಪೀಟು. ಆರು ದಿನ ಇದೇಯ.”

“ಆ ಕಲ್ಲು ಮೊದಲಿಂದಲೂ ಇಲ್ಲೇ ಇತ್ತಾ?”

“ಇಲ್ಲೇ ಅಂದ್ರೆ, ಅಗೋ, ಅಲ್ಲಿ. ಆರು ವರ್ಸದ ಹಿಂದೆ ರೋಡು ಅಗಲ ಮಾಡಿದ್ರಲ್ಲ, ಜೆಸಿಬಿಯೋನು ಕಿತ್ತು ಬಿಸಾಕ್ತೀನಿ ಅಂದ. ಊರೋರು ಬುಟ್ಟೇವಾ? ಸ್ಯಾಟ್ಲೈಟಪ್ಪನ್ನ?”

ಕಂಬಕ್ಕೆ ಅದು ಹೆಸರು. ಆಕಾಶದಲ್ಲಿರುವುದು ಯಾವ ವಸ್ತು ಎಲ್ಲಿದೆಯೆಂದು ಹೇಳುತ್ತದೆ ಎಂದು ಆ ಆಫೀಸರು ಹೇಳಿದ್ದರಂತೆ. ಅಂದಿನಿಂದ ಎಮ್ಮೆ, ಮೇಕೆ, ಮೂಗುತಿ ಕಳೆದುಹೋದವರು ಇಲ್ಲಿಗೆ ಬಂದು ಕಾಯಿ ಒಡೆದು ಕೇಳುತ್ತಾರೆ. ಹೋಳು ಯಾವ ಕಡೆ ಬೀಳುತ್ತದೋ ಆ ಕಡೆ ಹುಡುಕುತ್ತಾರೆ. “ಹತ್ತಕ್ಕೆ ಆರು ಸಿಕ್ತವೆ ಸಾ.” ಇಂದ್ರೇಶರ ಹಳೆಯ ಉಪಕರಣಕ್ಕಿಂತ ವಾಸಿ.

ಸರಿಸುವಾಗ ಮುಹೂರ್ತ ನೋಡಿದರಂತೆ. ಪೂಜಾರಿಯೂ ಬಂದಿದ್ದನಂತೆ. ಕಂಬ ವಾಲದಂತೆ ಗಾರೆಯವರ ತೂಕದ ಗುಂಡು ಬಿಟ್ಟು ನೋಡಿ ನಿಲ್ಲಿಸಿದರಂತೆ.

“ಎಷ್ಟು ಸರಿಸಿದಿರಿ?”

“ಹನ್ನೆರಡಡಿ. ಸರಿಯಾಗಿ ಮೂಡ್ಲಕ್ಕೆ. ಟೇಪು ಹಿಡಿದೇ ಇಟ್ಟಿದ್ದು ಸಾ, ಒಂದು ಬೆರ್ಳು ಹೆಚ್ಚುಕಮ್ಮಿ ಇಲ್ಲ.”

ಹನ್ನೆರಡು ಅಡಿ ಎಂದರೆ ೩.೬೬ ಮೀಟರ್. ಹೊಂಗೆಪುರದಲ್ಲಿ ಈವರೆಗೆ ನಡೆದ ಅಳತೆಗಳಲ್ಲಿ ಇದು ಅತ್ಯಂತ ನಿಖರವಾದದ್ದು.

೩ ಫೆಬ್ರವರಿ, ಸೋಮವಾರ

ಇಂದ್ರೇಶರಿಗೆ ಹೇಳಿದೆ. ಅವರು ಬಾಗಿಲು ಹಾಕಿದರು.

“ಯಾರಿಗೆ ಹೇಳಿದೀರಿ?”

“ನಿಮಗೇ ಮೊದಲು.”

“ಕೊನೇನೂ ನಂಗೇ ಆಗ್ಲಿ. ೪೧೨ ಪಹಣಿ ಕಣ್ರೀ. ಗೆಂಡೆಹಳ್ಳಿ ಹೋಬಳಿ ಅಳತೆ ಮುಂದಿನ ತಿಂಗಳು ನಮಗೇ ಬರೋದಿದೆ.” ಕಡತ ತಿರುವಿ, “ಎರಡನೇ ಗುರುತಲ್ಲಿ ಚೆಕ್ ಮಾಡಿದ್ರಲ್ಲ, ಅಲ್ಲಿ ಗೊತ್ತಾಗ್ಲಿಲ್ವಾ? ಎಂಟು ಮಿಲಿಮೀಟರ್ ಅಂತ ಬರ್ದಿದೀರಿ.”

ಕಲ್ಲು ಮೂರೂವರೆ ಮೀಟರಿಗೂ ಮೀರಿ ಸರಿದಿರುವಾಗ ಎಂಟು ಮಿಲಿಮೀಟರ್ ಬರುವುದು ಸಾಧ್ಯವೇ ಇಲ್ಲ. ಇದು ಇಂದ್ರೇಶರಿಗೂ ಅರ್ಥವಾಯಿತು. ಐದು ಸಲ ಹೇಳಿಕೊಟ್ಟದ್ದು ಹೀಗೆ ಫಲ ಕೊಟ್ಟಿತು.

ಅವರು ನನ್ನನ್ನು ನೋಡಿದರು. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ.

“ಹೋಗ್ಲಿ ಬಿಡಿ, ಎಲ್ರೂ ಮಾಡೋದೇ” ಎಂದರು. ಬೈದಿದ್ದರೆ ಚೆನ್ನಾಗಿತ್ತು.

೪ ಫೆಬ್ರವರಿ, ಮಂಗಳವಾರ

ಪುಸ್ತಕ ತೆರೆಯಲಿಲ್ಲ.

೯ ಫೆಬ್ರವರಿ, ಭಾನುವಾರ

ಸಮಾರಂಭ. ಇಷ್ಟೆಲ್ಲ ಆದಮೇಲೂ ನಡೆಯಿತು. ಫಲಕ ಬಂದುಬಿಟ್ಟಿತ್ತು, ಶಾಮಿಯಾನಕ್ಕೆ ಹೇಳಿಬಿಟ್ಟಿದ್ದರು. ಫಲಕದ ಮೇಲೆ ಚಿನ್ನದ ಬಣ್ಣದಲ್ಲಿ ಕಲ್ಲಿನ ಅಕ್ಷಾಂಶ ರೇಖಾಂಶ, ದಶಮಾಂಶದ ಎಂಟನೆಯ ಸ್ಥಾನದವರೆಗೆ. ಮಿಲಿಮೀಟರಿಗಷ್ಟು ಕರಾರುವಾಕ್ಕಾಗಿ, ಹನ್ನೆರಡು ಅಡಿ ತಪ್ಪು. ನೋಡುತ್ತ ನಿಂತೆ. ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಇಂದ್ರೇಶ್ ನಾನು ಬರೆದದ್ದನ್ನು ಓದಿದರು. ನನ್ನ ಆ ವಾಕ್ಯವನ್ನು ಹಿಂದಿನ ದಿನವೇ ಹೊಡೆದುಹಾಕಿದ್ದರು, “ನೆಗೆಟಿವ್ ಆಯ್ತು ಕಣ್ರೀ.” ಅದರ ಜಾಗದಲ್ಲಿ, ಹೊಯ್ಸಳರ ಶಿಲ್ಪಿಗಳಿಗೆ ಉಪಗ್ರಹದ ಜ್ಞಾನವಿದ್ದಿರಬಹುದು, ಇಲ್ಲದಿದ್ದರೆ ಅಷ್ಟು ಸೂಕ್ಷ್ಮ ಕೆತ್ತನೆ ಹೇಗೆ ಸಾಧ್ಯ ಎಂದು ಸೇರಿಸಿದರು. ಇದಕ್ಕೆ ಹೆಚ್ಚು ಚಪ್ಪಾಳೆ.

ಊಟಕ್ಕೆ ಮುಂಚೆ ಮಾದಮ್ಮ ಬಂದರು. ಜಗಳಕ್ಕೆ ಬಂದರೆಂದು ಎಲ್ಲರೂ ಸರಿದು ದಾರಿ ಬಿಟ್ಟರು. ಅವರ ಕೈಯಲ್ಲಿ ಕನಕಾಂಬರ. ಕಲ್ಲಿಗೆ ಮುಡಿಸಿ ಕೈಮುಗಿದರು.

“ನೀವೂ ಇದನ್ನ ನಂಬ್ತೀರಾ ಅಮ್ಮ?” ಎಂದೆ.

“ಎಮ್ಮೆ ಕಳೆದಾಗ ತೋರಿಸ್ತು ಸಾ. ಮೂರು ದಿನದ ಮೇಲೆ, ಆದ್ರೂ ತೋರಿಸ್ತು. ಈಗ ಮರ ಕಳೀತಾ ಅವೆ, ಕೇಳ್ಕಂಡು ಓಗನಾ ಅಂತ ಬಂದೆ.” ಆಮೇಲೆ ಹೆಮ್ಮೆಯಿಂದ, ಸುತ್ತ ನಿಂತವರಿಗೆಲ್ಲ ಕೇಳುವ ಹಾಗೆ, “ಇಲ್ಲಿಗೆ ತಂದು ನಿಲ್ಲಿಸ್ದಾಗ ಮೊದ್ಲು ಅರಿಶಿನ ಅಚ್ಚಿದ್ದೇ ನಾನು. ಟೇಪಿನ ಆ ತುದಿ ಗಂಗಯ್ಯ, ಈ ತುದಿ ನಾನು!”

ಇಂದ್ರೇಶ್ ನನ್ನ ಪಕ್ಕದಲ್ಲೇ ಇದ್ದರು. ಜೇಬಿನಿಂದ ಪೆನ್ನು ತೆಗೆದರು.

೧೨ ಫೆಬ್ರವರಿ, ಬುಧವಾರ

ಇಂದ್ರೇಶ್ ತಾಲ್ಲೂಕು ಕಚೇರಿಗೆ ಒಂದು ಪತ್ರ ಟೈಪ್ ಮಾಡಿಸಿದ್ದಾರೆ. ಸರ್ಕಾರಿ ಗುರುತಿನ ಕಲ್ಲನ್ನು ಗ್ರಾಮಸ್ಥರಾದ ಗಂಗಯ್ಯ, ಮಾದಮ್ಮ ಮತ್ತಿತರರು ದುರುದ್ದೇಶದಿಂದ ಸ್ಥಳಾಂತರಿಸಿದ್ದು, ಅದರಿಂದ ಅಳತೆಯಲ್ಲಿ ವ್ಯತ್ಯಾಸ ಉಂಟಾಗಿರುತ್ತದೆ. ಅವರ ಮೇಲೆ ಕ್ರಮ ಕೈಗೊಂಡು, ಅಳತೆಯನ್ನು ರದ್ದುಪಡಿಸಿ, ಮರುಅಳತೆಗೆ ನಮ್ಮ ಸಂಸ್ಥೆಗೇ ಅವಕಾಶ ನೀಡಬೇಕು. ಕೆಳಗೆ ನನ್ನ ಸಹಿಗೆ ಜಾಗ.

“ಮರಗಳು ಉಳೀತವೆ. ನಿಮ್ಮ ಲೈಸೆನ್ಸ್ ಉಳೀತದೆ. ನಮ್ಮ ಹೆಸರು ಉಳೀತದೆ. ಇನ್ನೇನ್ರೀ ಬೇಕು?”

“ಅವರ ಮೇಲೆ ಕೇಸಾಗುತ್ತದೆ.”

“ಸರ್ಕಾರಿ ಕಲ್ಲು ಕಿತ್ತಿದ್ದು ಅವ್ರೇ ತಾನೆ? ನೀವೇ ಬಂದು ಹೇಳಿದ್ದು.”

ನಾನೇ ಬಂದು ಹೇಳಿದ್ದು. ಹೆಸರು, ವಯಸ್ಸು, ಅಡಿ, ದಿಕ್ಕು, ಎಲ್ಲ ಸರಿಯಾಗಿ.

“ಎರಡನೇ ಗುರುತಿನ ತಪಾಸಣೆ?” ಎಂದೆ.

“ಆ ಹಾಳೆ ಕಡತದಲ್ಲಿ ಇರಲ್ಲ ಬಿಡಿ.” ನಕ್ಕರು. “ಈಗ ಹೇಳಿ, ಒಬ್ಬ ಮಾಲೀಕ ನಿಮಗೋಸ್ಕರ ಇನ್ನೇನು ಮಾಡಬಹುದು?”

ಯೋಚಿಸುತ್ತೇನೆ ಎಂದೆ. ಹೊರಗೆ ಬಂದಾಗ ಶಿಲ್ಪಾ ತಲೆಯೆತ್ತಲಿಲ್ಲ. ಪತ್ರ ಟೈಪ್ ಮಾಡಿದವಳು ಅವಳೇ. “ಸರ್, ‘ದುರುದ್ದೇಶ’ ಅನ್ನೋ ಪದ ನಂಗೆ ಟೈಪ್ ಮಾಡಕ್ಕೆ ಬರ್ಲಿಲ್ಲ ಅಂತ ಹೇಳ್ದೆ. ಅವ್ರೇ ಬಂದು ಮಾಡಿದ್ರು” ಎಂದಳು.

೧೬ ಫೆಬ್ರವರಿ, ಭಾನುವಾರ

ಗಂಗಯ್ಯನವರ ಮನೆಗೆ ಹೋದೆ. ಕಲ್ಲು ಸರಿಸಿದ್ದು ರಸ್ತೆಗಾಗಿ, ಅದನ್ನು ಉಳಿಸುವುದಕ್ಕಾಗಿ ಎಂದು ಒಂದು ಹೇಳಿಕೆ ಬರೆದುಕೊಡುತ್ತೀರಾ ಎಂದು ಕೇಳಿದೆ. ಅವರಿಗೆ ಸುದ್ದಿ ಮುಟ್ಟಿತ್ತು. “ಯಾವ ಕಲ್ಲು ಸಾ?” ಎಂದರು. ನಾನು ಕೂತೇ ಇದ್ದೆ. ಅವರು ಎದ್ದು ಮೇಕೆಗೆ ಸೊಪ್ಪು ಹಾಕಲು ಹೋದರು. ತಪ್ಪು ತಿಳಿಯಲಿಲ್ಲ. ನಾನೂ ಮೊನ್ನೆ ಕ್ಯಾಲೆಂಡರ್ ನೋಡಿದವನೇ.

ಆಮೇಲೆ ಮಾದಮ್ಮನವರ ತೋಟ. ಬಾವಿಯ ಕಟ್ಟೆಯ ಮೇಲೆ ಕೂತು ಎಲ್ಲ ಹೇಳಿದೆ. ಕಲ್ಲು ಸರಿದದ್ದು, ಅದರಿಂದ ಊರು ಸರಿದದ್ದು, ಇಂದ್ರೇಶರ ಪತ್ರ. ಅರ್ಥವಾಗಲಿ ಎಂದು ನೆಲದ ಮೇಲೆ ಎರಡು ಕರಟ ಇಟ್ಟು ತೋರಿಸಿದೆ. ಅವರಿಗೆ ಕರಟದ ಅಗತ್ಯವಿರಲಿಲ್ಲ.

“ಅಂದ್ರೆ ನಾನು ಅರಿಶಿನ ಅಚ್ಚಿದ್ದಕ್ಕೆ ನನ್ನ ಮರ ಕೆರೆಗೆ ಓದ್ವು.”

“ಹಾಗೆ ಪತ್ರದಲ್ಲಿದೆ.”

“ಪತ್ರ ಬುಡಿ. ನಾವು ಕಲ್ಲ ಸರಿಸ್ದೋ, ನಿಜ. ಕದ್ದುಮುಚ್ಚಿ ಅಲ್ಲ, ವಾಲಗ ಊದ್ಸಿ ಸರಿಸ್ದೋ. ಅದು ಸರಿದೈತಾ ಇಲ್ಲವಾ ಅಂತ ನೋಡೋದು ಯಾರ ಕೆಲ್ಸ ಸಾ? ನಂದಾ?”

ಕೆರೆಯ ಕಡೆಯಿಂದ ಗಾಳಿ ಬರುತ್ತಿತ್ತು.

“ಎರಡನೆಯ ಗುರುತು ನೋಡಿದ್ದರೆ ಗೊತ್ತಾಗುತ್ತಿತ್ತು” ಎಂದೆ. “ಬೆಟ್ಟದ ಮೇಲಿದೆ. ನಾನು ಹತ್ತಲಿಲ್ಲ. ಹತ್ತಿದೆ ಅಂತ ಬರೆದೆ.”

ಇದನ್ನು ಗಟ್ಟಿಯಾಗಿ ಹೇಳಿದ್ದು ಇದೇ ಮೊದಲು. ಅವರು ಬೆಟ್ಟದ ಕಡೆ ತಿರುಗಿ ನೋಡಿದರು.

“ಅದನ್ನಾ? ನಾನು ಸೌದೆಗೆ ವಾರಕ್ಕೆರಡು ಸಲ ಅತ್ತೀನಿ.”

ಮಜ್ಜಿಗೆ ಕುಡಿದೆ. ಎರಡು ಲೋಟ. ವಾಪಸು ಬರುವಾಗ ಬಸ್ಸು ಎಷ್ಟು ಹೊತ್ತಿಗೆ ಬಂತೋ ನೋಡಲಿಲ್ಲ.

೧೭ ಫೆಬ್ರವರಿ, ಸೋಮವಾರ

ಬೆಳಿಗ್ಗೆ ಕೆಲಸಕ್ಕೆ ಹೋಗದೆ ಬೆಟ್ಟ ಹತ್ತಿದೆ. ರೋವರ್ ನನ್ನ ಬಳಿಯೇ ಇತ್ತು. ಲಂಟಾನ ನಾನು ಅಂದುಕೊಂಡಷ್ಟಿಲ್ಲ, ಸೌದೆಯವರು ಸವೆಸಿದ ದಾರಿಯಿದೆ. ಬುಡದಿಂದ ಐವತ್ತು ನಿಮಿಷ ಹಿಡಿಯಿತು. ತುದಿಯಲ್ಲಿ ಬಂಡೆಯ ಮೇಲೆ ಕೊರೆದ ಗುರುತು. ಅದನ್ನು ಯಾರೂ ಸರಿಸಿಲ್ಲ. ಮೇಲೆ ನೆಟ್‌ವರ್ಕು ಧಾರಾಳವಾಗಿತ್ತು. ಬಂಡೆ ಪಟ್ಟಿಯಲ್ಲಿ ಹೇಳಿದ ಜಾಗದಲ್ಲೇ ಇದೆ. ಡಿಸೆಂಬರಿನಲ್ಲಿ ಬಂದಿದ್ದರೆ ಅರ್ಧ ದಿನದ ಕೆಲಸ.

ಮಧ್ಯಾಹ್ನ ಕೋಣೆಗೆ ಬಂದು ಪತ್ರ ಬರೆದೆ. ಮೊದಲು ಇಂದ್ರೇಶರ ಪತ್ರವನ್ನೇ ತಿದ್ದಿದೆ. ‘ದುರುದ್ದೇಶದಿಂದ’ ತೆಗೆದೆ, ಹೆಸರುಗಳನ್ನು ತೆಗೆದೆ, ‘ಕಾರಣಾಂತರಗಳಿಂದ ಕಲ್ಲು ಸ್ಥಳಾಂತರಗೊಂಡಿದ್ದು’ ಎಂದು ಸೇರಿಸಿದೆ. ಮರ ಉಳಿಯುತ್ತವೆ, ಅವರೂ ಉಳಿಯುತ್ತಾರೆ, ನಾನೂ ಉಳಿಯುತ್ತೇನೆ. ಅರ್ಧ ಗಂಟೆ ಬಹಳ ನೆಮ್ಮದಿಯಿತ್ತು. ಆಮೇಲೆ ಅನ್ನಿಸಿತು: ಕಾರಣಾಂತರವೇನೆಂದು ಓದಿದವರು ಕೇಳುತ್ತಾರೆ, ಕೇಳಿದಾಗ ಉತ್ತರ ಕೊಡಲು ಇಂದ್ರೇಶ್ ಕಾದು ಕೂತಿದ್ದಾರೆ. ಹರಿದೆ.

ಎರಡನೆಯದು ಒಂದೂಕಾಲು ಪುಟವಾಗಿದೆ. ಕಲ್ಲಿನ ಈಗಿನ ಸ್ಥಾನ, ಬೆಟ್ಟದ ಗುರುತಿನ ಅಳತೆ, ಇಡೀ ಊರನ್ನು ಪೂರ್ವಕ್ಕೆ ಎಷ್ಟು ಸರಿಸಬೇಕೆಂಬ ಲೆಕ್ಕ. ಆಮೇಲೆ, ತಪಾಸಣೆ ನಡೆಯದೆಯೇ ನಡೆದಿದೆಯೆಂದು ಬರೆದವನು ನಾನು, ನಡೆದಿದ್ದರೆ ಈ ತಪ್ಪು ಮೊದಲ ದಿನವೇ ಸಿಗುತ್ತಿತ್ತು, ಊರಿನವರ ಮೇಲೆ ಹೊರಿಸುವಂಥದ್ದು ಇದರಲ್ಲಿ ಏನೂ ಇಲ್ಲ. ೧೯ರ ತೆರವು ನಿಲ್ಲಿಸಬೇಕೆಂದು ಕೋರಿಕೆ. ಕೆಳಗೆ ಹೆಸರು, ಲೈಸೆನ್ಸ್ ನಂಬರ್. ನಂಬರನ್ನು ಬರೆಯುವಾಗ ಎರಡು ಸಲ ನೋಡಿದೆ. ಬಹುಶಃ ಅದನ್ನು ಬರೆಯುವುದು ಇದೇ ಕೊನೆಯ ಸಲ.

ಇಂದ್ರೇಶ್ ಮೂರು ಸಲ ಫೋನ್ ಮಾಡಿದರು. ತೆಗೆಯಲಿಲ್ಲ. ಜಾನಕಮ್ಮ ಕೆಳಗಿನಿಂದ, “ಏನ್ ಸಾರ್, ಇವತ್ತು ರಜಾನಾ? ಊಟ ಆಯ್ತಾ?” ಎಂದು ಕೂಗಿದರು. ಹೇಳಿಬಿಡೋಣ ಎನ್ನಿಸಿತು. ಎಲ್ಲ ಬಾಯಿ ತುದಿಗೆ ಬಂದಿತ್ತು. “ಆಯ್ತು” ಎಂದೆ. ಆಗಿರಲಿಲ್ಲ.

ನಾಳೆ ಮೊದಲ ಬಸ್ಸಿಗೆ ಬೇಲೂರು. ತಾಲ್ಲೂಕು ಕಚೇರಿ ತೆರೆದೊಡನೆ ಟಪಾಲಿಗೆ ಕೊಡುವುದು. ಕೊಡುವ ತನಕ ಇದನ್ನು ಯಾರಿಗೂ, ಮಾದಮ್ಮನವರಿಗೂ ಶಿಲ್ಪಾಳಿಗೂ ಹೇಳಕೂಡದು. ಹೇಳಿದರೆ ಅವರು ಹೊಗಳಿಬಿಡುತ್ತಾರೆ. ನನಗೆ ಅಷ್ಟೇ ಸಾಕಾಗಿ, ಪತ್ರವನ್ನು ಜೇಬಿನಲ್ಲಿಟ್ಟುಕೊಂಡು ಮನೆಗೆ ಬಂದುಬಿಡುತ್ತೇನೆ.